ಓರ್ಮ ಕೇಳಬಾರದಿದ್ದ ಪ್ರಶ್ನೆ

“ಬ್ರಿಯಾ, ನಿನ್ನ ಎಡಗೈ ಮಣಿಕಟ್ಟು ವಾಸಿಯಾಯಿತೇ?”

ಪರದೆಯ ಮೇಲೆ ಆ ಸಾಲು ಮೂಡಿದೊಡನೆ ಐಲ್ಸಾ ಲೇಂಗ್ ಎಂಬಾಕೆಯ ಬೆರಳುಗಳು ಕೀಲಿಮಣೆಯ ಮೇಲೆಯೇ ನಿಂತುಹೋದವು.

ಮಾತಿನಲ್ಲಿ ಕೇಡೇನೂ ಇರಲಿಲ್ಲ. ಆಟದ ಊರಾದ ಉಪ್ಪುಕೋಟೆಯ ದೀಪಸ್ತಂಭ ಕಾಯುವ ಓರ್ಮ, ಕಡವು ದಾಟಿಸುವ ದೋಣಿಯವಳಾದ ಬ್ರಿಯಾಳ ಕುಶಲ ವಿಚಾರಿಸಿದ್ದ, ಅಷ್ಟೆ. ಗುರುವಾರದ ಸಂಜೆ; ಬಂದರುಕಟ್ಟೆಯ ಮೇಲೆ ಸಂತೆ ನೆರೆದಿತ್ತು; ಬಳಗದವರು ಬಹುಪಾಲು ಅಲ್ಲಿಯೇ ಇದ್ದರು. ಆದರೆ ಬ್ರಿಯಾಳ ಮಣಿಕಟ್ಟಿಗೆ ಯಾವ ಕಾಲಕ್ಕೂ ಏನೂ ಆಗಿರಲಿಲ್ಲ. ಉಳುಕಿದ್ದು ಬ್ರಿಯಾಳನ್ನು ಆಡಿಸುತ್ತಿದ್ದ ಐಲ್ಸಾಳ ಮಣಿಕಟ್ಟು. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಆರ್ಬ್ರೋತಿನಲ್ಲಿ, ತನ್ನ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಜಾರಿಬಿದ್ದು, ಕೈಗೆ ಪಟ್ಟಿ ಬಿಗಿದುಕೊಂಡು ಅವಳು ಕುಳಿತಿದ್ದಳು. ಆ ಸಂಗತಿಯನ್ನು ಆಟದೊಳಗಿನ ಒಂದು ಜೀವಕ್ಕೂ ಅವಳು ತಿಳಿಸಿರಲಿಲ್ಲ.

ಅಂದಮೇಲೆ, ಓರ್ಮನನ್ನು ಆಡಿಸುವಾತ ಅವಳನ್ನು ಕಣ್ಣಾರೆ ಕಂಡಿದ್ದ.

ಐಲ್ಸಾ ತಿರುಗಿ ಕಿಟಕಿಯತ್ತ ನೋಡಿದಳು. ಬೀದಿಯಲ್ಲಿ ಬೆಳಕು ಇನ್ನೂ ಇತ್ತು. ಯಾರೋ ನಾಯಿಯನ್ನು ಅಡ್ಡಾಡಿಸುತ್ತಿದ್ದರು. ಅವಳು ಎದ್ದು ಕಿಟಕಿಯ ಪರದೆ ಎಳೆದು ಬಂದಳು. ಎಳೆದದ್ದಕ್ಕೆ ತಾನೇ ನಾಚಿದಳು.

ಉಪ್ಪುಕೋಟೆ ಬರೆದು ಬಾಳುವವರ ಊರು. ಅಂತರ್ಜಾಲದ ಅದೇ ಆಟದ ಲೋಕದಲ್ಲಿ ಕತ್ತಿ ಬೀಸಿ ಅಂಕ ಕೂಡಿಹಾಕುವವರು ಬೇರೆ ಇದ್ದರು. ಈ ಬಳಗದವರು ಒಂದೊಂದು ಪಾತ್ರವನ್ನು ಹೊತ್ತು, ಅದರ ಮಾತನ್ನೂ ನಡೆಯನ್ನೂ ಸರದಿಯ ಮೇಲೆ ಬರೆಯುತ್ತ ಹೋಗುವವರು. ಕಡುಕೋಪಿಗಳ ಬಳಗವದು. ಹತ್ತು ಸಾಲು ಬರೆದವರಿಗೆ ‘ಹೂಂ, ತಲೆಯಾಡಿಸಿದೆ’ ಎಂದಷ್ಟೇ ಉತ್ತರಿಸುವವರನ್ನು ಕಂಡರೆ ಅವರಿಗೆ ಆಗದು. ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಬರೆದರೆ ಕಿವಿಯಾರೆ ಕೇಳಿಸಿಕೊಂಡವರಂತೆ ಜಗಳಕ್ಕೆ ನಿಲ್ಲುವವರನ್ನು ಕಂಡರೆ ಆಗದು. ಇಬ್ಬರು ಪಿಸುಮಾತಿನಲ್ಲಿರುವಾಗ ಬೆಂಕಿಯುಗುಳುವ ಕುದುರೆಯೇರಿ ಬಂದು ನಡುವೆ ಕುಣಿಯುವವರು, ಹೊಸದಾಗಿ ಸೇರಿದೊಡನೆ ತಾನೇ ಅರಸನ ಕಳೆದುಹೋದ ಮಗಳೆಂದು ಸಾರಿಕೊಳ್ಳುವವರು — ಇವರ ಸುದ್ದಿಯೆತ್ತಿದರೆ ಸಾಕು, ಅರ್ಧ ಸಂಜೆ ಬಯ್ಗುಳದಲ್ಲೇ ಕಳೆಯುತ್ತಿತ್ತು.

ಈ ಬಳಗದ ಯಜಮಾನಿಕೆ ಐಲ್ಸಾಳದು. ಅವಳ ಜೊತೆಗಾತಿ ನೆದರ್ಲೆಂಡ್ಸಿನ ಹಿಲ್ಕೆ. ಬಂದರಿನ ಹೆಬ್ಬಂಡೆಯ ಮೇಲೆ ಎರಡು ಕಟ್ಟಳೆಗಳನ್ನು ಕೆತ್ತಿಸಿದವಳು ಐಲ್ಸಾಳೇ. ಮೊದಲನೆಯದು: ‘ಹೊರಗಿನದು ಒಳಗೆ ಬೇಡ, ಒಳಗಿನದು ಹೊರಗೆ ಬೇಡ.’ ಆಡುವವರ ಬದುಕಿನಲ್ಲಿ ತಿಳಿದದ್ದನ್ನು ಪಾತ್ರದ ಬಾಯಲ್ಲಿ ಆಡಿಸುವಂತಿಲ್ಲ. ಆಟದ ನಂಟನ್ನು ಹಿಡಿದು ಯಾರ ಮನೆಯ ಬಾಗಿಲನ್ನೂ ತಟ್ಟುವಂತಿಲ್ಲ. ತಪ್ಪಿದವರಿಗೆ ಒಂದು ತಿಂಗಳ ಗಡೀಪಾರು. ಎರಡನೆಯದು: ‘ಕೈ ಚಾಚು, ಹಿಡಿಯುವುದು ಅವರ ಸರದಿ.’ ನಿನ್ನ ಪಾತ್ರ ಏನು ಮಾಡಹೊರಟಿತೆಂದು ನೀನು ಬರೆಯಬಹುದು. ಎದುರಿನ ಪಾತ್ರ ಏನು ಮಾಡಿತೆಂದು ಬರೆಯುವ ಹಕ್ಕು ಎದುರಿನವರದು. ಅವರು ಬರೆಯುವವರೆಗೆ ಕಾಯಬೇಕು. ಒಬ್ಬರೇ ಎರಡು ಸರದಿ ಆಡುವಂತಿಲ್ಲ.

ಈ ಎರಡನೆಯದನ್ನು ಓರ್ಮನಷ್ಟು ಅರಿತವರು ಇರಲಿಲ್ಲ. ‘ಓರ್ಮ ಲಾಂದ್ರವನ್ನು ತುಸು ಎತ್ತಿ ಹಿಡಿಯುತ್ತಾನೆ, ಬ್ರಿಯಾ ಬಯಸಿದರೆ ಮುಖ ಕಾಣುವಷ್ಟು’ ಎಂದು ಬರೆದು ಸುಮ್ಮನಾಗುತ್ತಿದ್ದ. ಅವನು ನಿಧಾನಿ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಚಹಾ ಕುದಿಸಿ ಕುಡಿದು ಬರಬಹುದಿತ್ತು. ಉಳಿದವರು ಬೇಸತ್ತು ಎದ್ದುಹೋಗುತ್ತಿದ್ದರು. ಐಲ್ಸಾ ಕಾಯುತ್ತಿದ್ದಳು. ಮದುವೆ ಮುರಿದು ಒಂಟಿಯಾದ ಮೇಲಿನ ಐದು ವರ್ಷಗಳಲ್ಲಿ ಅವಳಿಗೆ ಸಂತೋಷವೆಂದು ಕರೆಯಬಹುದಾದದ್ದು ಏನಾದರೂ ಇದ್ದರೆ ಅದು ಗುರುವಾರದ ಆ ಕಾಯುವಿಕೆಯೇ ಆಗಿತ್ತು. ಅವನ ಹೆಸರು, ಊರು, ಪ್ರಾಯ ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಕೇಳಬೇಕೆಂಬ ಆಸೆ ನಾಲಿಗೆಯ ತುದಿಗೆ ಬಂದಾಗಲೆಲ್ಲ ಬಂಡೆಯ ಮೇಲಿನ ತನ್ನದೇ ಕೆತ್ತನೆ ಕಣ್ಣಿಗೆ ಕಟ್ಟುತ್ತಿತ್ತು.

ಈಗ ಆ ಕಟ್ಟಳೆಯನ್ನು ಮುರಿದವನು ಅವನೇ.

ಅವಳು ಉತ್ತರ ಹೊಸೆಯುವ ಮೊದಲೇ ಖಾಸಗಿ ಸಂದೇಶ ಬಂದಿತು. ಮೀನು ಮಾರುವ ವೆಲ್ಡಾಳನ್ನು ಆಡಿಸುವಾಕೆ.

“ಯಜಮಾನಿಯೋರೆ, ನೋಡಿದ್ರಾ? ಬ್ರಿಯಾಗೆ ಯಾವಾಗ ಕೈ ಉಳುಕ್ತು? ಕತೇಲಿ ಎಲ್ಲೂ ಇಲ್ಲ. ಹೋದ ವರ್ಷ ಗೆಳತಿಗೆ ಮಗು ಆಯ್ತು ಅಂತ ಸಂತೆ ಮಧ್ಯೆ ಖುಷಿಪಟ್ಟಿದ್ದಕ್ಕೆ ನನ್ನ ತಿಂಗಳು ಆಚೆ ಅಟ್ಟಿದ್ರಿ. ಈಗ ದೀಪದೋನಿಗೊಂದು ನ್ಯಾಯ, ಮೀನಿನೋಳಿಗೊಂದು ನ್ಯಾಯಾನಾ?”

ಒಂದೇ ಸಾಲು ಸಾಕಾಗಿತ್ತು. ‘ಮೊನ್ನೆ ದೋಣಿಯ ಹಗ್ಗ ಎಳೆಯುವಾಗ ಉಳುಕಿತು’ ಎಂದು ಬ್ರಿಯಾಳಿಂದ ಹೇಳಿಸಿಬಿಟ್ಟರೆ ಓರ್ಮ ಪಾರಾಗುತ್ತಿದ್ದ. ಐಲ್ಸಾ ಆ ಸಾಲನ್ನು ಬರೆದಳು, ಓದಿಕೊಂಡಳು, ಅಳಿಸಿದಳು. ಪಾತ್ರವನ್ನು ಕಳಚಿಟ್ಟು, ಯಜಮಾನಿಯರ ಕೋಣೆಗೆ ಓರ್ಮನನ್ನು ಕರೆಸಿ, ಹಿಲ್ಕೆಯ ಎದುರಿನಲ್ಲೇ ಬರೆದಳು: “ಉಳುಕಿದ್ದು ಬ್ರಿಯಾದಲ್ಲ, ನಂದು. ನಾನು ಯಾರಿಗೂ ಹೇಳಿಲ್ಲ.”

ಕೊನೆಗೆ ಓರ್ಮನ ಉತ್ತರ ಬಂದಿತು.

“ತಪ್ಪು ನಂದೇ. ಬಾಯಿ ಜಾರ್ತು. ತಿಂಗಳು ಅಂದ್ರೆ ತಿಂಗಳು, ಹೋಗ್ತೀನಿ.”

ಎಲ್ಲಿ ಕಂಡೆ, ಹೇಗೆ ಕಂಡೆ ಎಂಬುದರ ಸುಳಿವಿಲ್ಲ. ಕೇಳಿದರೆ ಅದೂ ಕಟ್ಟಳೆಯ ಭಂಗವೇ. ಐಲ್ಸಾ ತೀರ್ಪು ಬರೆದಳು.

ಹೊರಡುವ ಮುನ್ನ ಓರ್ಮನಿಗೆ ಒಂದು ಸರದಿ ಇತ್ತು. ಬಂದರುಕಟ್ಟೆಯ ಮೇಲೆ, ಎಲ್ಲರೂ ನೋಡುತ್ತಿರಲು, ಅವನು ಬರೆದ: ‘ಓರ್ಮ ದೀಪದ ಕೋಣೆಯ ಬೀಗದ ಕೈಯನ್ನು ಬ್ರಿಯಾಳತ್ತ ಚಾಚುತ್ತಾನೆ. ಆಕೆಗೆ ಬೇಡವೆನಿಸಿದರೆ ಕಲ್ಲಿನ ಮೇಲಿಟ್ಟು ಹೋಗುತ್ತಾನೆ.’

‘ಬ್ರಿಯಾ ಅದನ್ನು ತೆಗೆದುಕೊಳ್ಳುತ್ತಾಳೆ’ ಎಂದು ಐಲ್ಸಾ ಬರೆದಳು. ಬರೆದು ಮುಗಿಸುವಷ್ಟರಲ್ಲಿ ಅವನ ಹೆಸರಿನ ಮುಂದಿನ ಹಸಿರು ಚುಕ್ಕಿ ಆರಿತ್ತು. ಅವನ ಪ್ರಶ್ನೆಗೆ ಅವಳು ಉತ್ತರ ಕೊಟ್ಟಿರಲೇ ಇಲ್ಲ.

“ನಿಂಗೆ ಭಯ ಆಗಲ್ವಾ?” ಎಂದು ಹಿಲ್ಕೆ ಆಮೇಲೆ ಕೇಳಿದಳು. “ಅವನು ನಿನ್ನ ನೋಡಿದ್ದಾನೆ. ನೀನು ಅವನನ್ನ ನೋಡಿಲ್ಲ.”

“ಆಗುತ್ತೆ.”

ಅದು ನಿಜವೇ ಆಗಿತ್ತು. ಆದರೆ ಭಯದ ಅಡಿಯಲ್ಲಿ ಇನ್ನೊಂದಿತ್ತು. ಅದನ್ನು ಅವಳು ಹಿಲ್ಕೆಗೆ ಹೇಳಲಿಲ್ಲ. ತನ್ನನ್ನು ಕಂಡವನು ಕೇಳಿದ್ದು ನೋವು ವಾಸಿಯಾಯಿತೇ ಎಂಬುದೊಂದನ್ನೇ.

ಐಲ್ಸಾ ಕೆಲಸ ಮಾಡುತ್ತಿದ್ದುದು ಹೈ ಸ್ಟ್ರೀಟಿನ ಒಂದು ಕನ್ನಡಕದ ಅಂಗಡಿಯಲ್ಲಿ. ಜನರ ಮೂಗು ಕಿವಿಗಳಿಗೆ ಚೌಕಟ್ಟು ಹೊಂದಿಸುವುದು, ಸಡಿಲವಾದ ಕಡ್ಡಿ ಬಿಗಿಯುವುದು ಅವಳ ಪಾಲಿನ ಕೆಲಸ. ಅಂದರೆ ದಿನವಿಡೀ ಅಪರಿಚಿತ ಮುಖಗಳಿಗೆ ಒಂದು ಗೇಣು ದೂರದಲ್ಲಿ ಉಸಿರು ಬಿಗಿಹಿಡಿದು ನಿಲ್ಲುವುದು. ಮರುದಿನದಿಂದ ಪ್ರತಿ ಮುಖವೂ ಅವಳಿಗೆ ಮುಚ್ಚಿದ ಬಾಗಿಲಾಯಿತು. ಇವನೇ? ಈ ನರೆಗಡ್ಡದವನೇ? ಒಣಕೆಮ್ಮಿನ ಈ ಪಾದ್ರಿಯೇ?

ಆಟದಲ್ಲಿ ಓರ್ಮನಿಗೂ ಬ್ರಿಯಾಳಿಗೂ ಒಂದು ವಾಡಿಕೆಯಿತ್ತು. ಎದುರಾದೊಡನೆ ಒಬ್ಬರು, ‘ಗಾಳಿ ಯಾವ ಕಡೆಯದು?’ ಎನ್ನಬೇಕು, ಇನ್ನೊಬ್ಬರು, ‘ನಿನ್ನ ಕಡೆಯದೇ’ ಎನ್ನಬೇಕು. ಟಪಾಲು ಹಂಚುವ ಡೂಗಿ ಬಂದು, “ಏನಮ್ಮ ಐಲ್ಸಾ, ಕೈ ಸರಿಹೋಯ್ತಾ?” ಎಂದಾಗ ಅವಳು ಕೈಯಲ್ಲಿದ್ದ ಚೌಕಟ್ಟನ್ನು ಕೆಳಗಿಟ್ಟಳು.

“ಡೂಗಿ, ಗಾಳಿ ಯಾವ ಕಡೇದು?” ಎಂದಳು ಮೆಲ್ಲಗೆ, ಅವನ ಕಣ್ಣನ್ನೇ ನೋಡುತ್ತ.

“ಎಲ್ಲಾ ಕಡೇದೂ. ಮೂರು ಬೀದಿ ಅಟ್ಟಿಸ್ಕೊಂಡು ಹೋಗಿ ಟೋಪಿ ಹಿಡ್ಕೊಂಡ್ ಬಂದೆ. ಯಾಕೆ, ಬಟ್ಟೆ ಒಣಗ್ಹಾಕ್ಬೇಕಾ?”

ಬಿಲ್ಲು ಬರೆಯುವ ಮೇಜಿನ ಹಿಂದಿದ್ದ ಸೆಂಗಾ ಬಿದ್ದುಬಿದ್ದು ನಕ್ಕಳು. ಐಲ್ಸಾಳಿಗಿಂತ ಹದಿನೈದು ವರ್ಷ ಹಿರಿಯಳಾದ ಸೆಂಗಾ, ಉಪ್ಪುಕೋಟೆಯ ವಿಚಾರ ಹೊರಗೆ ತಿಳಿದಿದ್ದ ಒಬ್ಬಳೇ ಒಬ್ಬಳು. “ಏನೇ ಇದು? ಆ ಮುದುಕನ್ನ ಯಾಕೆ ಹಂಗೆ ನುಂಗೋ ಹಾಗೆ ನೋಡ್ದೆ? ಅವನಿಗೆ ಮೊಮ್ಮಕ್ಕಳಿದಾರೆ ಕಣೇ.”

ಐಲ್ಸಾ ಕೆಂಪಾದಳು. ಡೂಗಿ ಒಬ್ಬನೇ ಅಲ್ಲ, ಊರಿನವರೆಲ್ಲ ಅವಳ ಕೈಯ ಪಟ್ಟಿ ನೋಡಿ ಅದನ್ನೇ ಕೇಳುತ್ತಿದ್ದರು. ಇಷ್ಟಾಗಿ, ತಾನು ಮಾಡುತ್ತಿರುವುದಾದರೂ ಏನು? ಯಾವ ತಪ್ಪಿಗೆ ಅವನನ್ನು ಅಟ್ಟಿದಳೋ ಅದೇ ತಪ್ಪನ್ನು ಹಗಲೆಲ್ಲ, ಬಂದವರ ಮುಖಮುಖದಲ್ಲಿ, ತಾನು ಮಾಡುತ್ತಿದ್ದಳು. ಅಂದಿನಿಂದ ಹುಡುಕುವುದನ್ನು ಬಿಟ್ಟಳು. ಅಥವಾ ಬಿಟ್ಟೆನೆಂದು ತನಗೆ ತಾನೇ ಹೇಳಿಕೊಂಡಳು.

ಗುರುವಾರಗಳು ಉದ್ದವಾದವು. ಬ್ರಿಯಾ ದೀಪಸ್ತಂಭದ ಮೆಟ್ಟಿಲೇರಿ, ಬೀಗ ತೆರೆದು, ದೀಪಕ್ಕೆ ಎಣ್ಣೆ ಹೊಯ್ದು ಬರುತ್ತಿದ್ದಳು. ಯಾರೂ ಓದದ ಸಾಲುಗಳನ್ನು ಐಲ್ಸಾ ಒಬ್ಬಳೇ ಬರೆಯುತ್ತಿದ್ದಳು. ಒಮ್ಮೆ ವೆಲ್ಡಾ ಬುಟ್ಟಿ ಹೊತ್ತು ಕೆಳಗೆ ಬಂದು ನಿಂತು, “ಕಡಲು ಮಂಕಾಗಿದೆ, ದೋಣಿಯವಳೇ” ಎಂದಳು. ಬುಟ್ಟಿ ಸರಿಪಡಿಸಿಕೊಂಡು ಹೊರಟುಹೋದಳು.

ಗಡೀಪಾರಿನ ತಿಂಗಳು ಮುಗಿಯುವ ವಾರ. ಐಲ್ಸಾಳ ಕೈಯ ಪಟ್ಟಿಯನ್ನು ವೈದ್ಯರು ಬಿಚ್ಚಿದ್ದರು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಸೆಂಗಾ ಮಾಂಸ ತುಂಬಿದ ಬ್ರೈಡಿ ಕಡುಬನ್ನು ಕಾಗದದಿಂದ ಬಿಡಿಸಿ ಕಚ್ಚುತ್ತ, ಇದ್ದಕ್ಕಿದ್ದಂತೆ ಕೇಳಿದಳು:

“ಅಲ್ಲ ಕಣೇ, ನಿನ್ನ ಹೊಗೆಮೀನು ಎಲ್ಲಿ?”

“ಯಾವ ಹೊಗೆಮೀನು?”

“ಗೌರ್ಲಿ. ಇನ್ನೆಸ್ ಗೌರ್ಲಿ. ಬಂದರಿನ ಹತ್ರ ಮೀನಿಗೆ ಹೊಗೆ ಹಾಕ್ತಾನಲ್ಲ, ಅವನು. ವಾರವಾರ ಕಡ್ಡಿ ಸಡಿಲ ಆಯ್ತು ಅಂತ ಬಂದು ಆ ಕುರ್ಚೀಲಿ ಪಾಪದೋನ ಹಾಗೆ ಕೂತ್ಕೋತಿದ್ದ. ಸ್ಕ್ರೂ ತಾನಾಗೇ ವಾರವಾರ ಸಡಿಲ ಆಗಲ್ಲ ತಾಯಿ, ಯಾರೋ ಉಗುರಲ್ಲಿ ತಿರುಗಿಸ್ಬೇಕು ಅಂತ ನಾನು ಆಗಲೇ ಅಂದಿದ್ದೆ. ನೀನು ಕಿವಿಗೆ ಹಾಕ್ಕೊಂಡ್ಯಾ?”

ಐಲ್ಸಾಳ ಕೈಯಲ್ಲಿದ್ದ ಒರೆಸುವ ಬಟ್ಟೆ ಹಾಗೆಯೇ ನಿಂತಿತು. “ಯಾವಾಗಿಂದ ಬಂದಿಲ್ಲ?”

“ನೀನು ಕೈಗೆ ಪಟ್ಟಿ ಸುತ್ಕೊಂಡು ಬಂದೆಯಲ್ಲ, ಆ ವಾರ ಬಂದಿದ್ದ. ಆಮೇಲೆ ತಲೆ ಹಾಕಿಲ್ಲ. ಯಾಕೆ, ಏನಾಯ್ತು? ಬೆಳ್ಳಗಾಗೋದ್ಯಲ್ಲೇ!”

ಬಂದುಹೋಗುವವರ ಮುಖಗಳಲ್ಲೇ ಅವಳು ತಿಂಗಳಿಡೀ ಹುಡುಕಿದ್ದಳು. ಬಾರದೆ ಉಳಿದವನನ್ನು ನೆನೆದಿರಲೇ ಇಲ್ಲ.

ಈಗ ಎಲ್ಲವೂ ಒಂದರ ಹಿಂದೊಂದು ನೆನಪಾಯಿತು. ಮರದ ಹೊಗೆಯ ವಾಸನೆ ಹಿಡಿದ ಚೌಕಟ್ಟು. ಕಡ್ಡಿ ಕಿವಿಯ ಹಿಂದೆ ಹೊಂದಿತೇ ಎಂದು ಕೇಳಿದರೆ, ಜಗತ್ತಿನ ಹೊತ್ತೆಲ್ಲ ತನ್ನದೇ ಎಂಬಂತೆ ಯೋಚಿಸಿ, “ಹೊಂದಿದೆ ಅನ್ಸುತ್ತೆ” ಎನ್ನುತ್ತಿದ್ದ ನಿಧಾನ. ಕಳೆದ ಶರತ್ಕಾಲದ ಒಂದು ಗುರುವಾರ, ಅವನು ಅದೇ ಕುರ್ಚಿಯಲ್ಲಿದ್ದಾಗ, ಸೆಂಗಾ ಒಳಗಿನಿಂದ ಕೂಗಿ ಹೇಳಿದ್ದಳು: “ಬೇಗ ಬಾಗಿಲು ಹಾಕು, ಬ್ರಿಯಾ ತಾಯಿ! ಉಪ್ಪುಕೋಟೆ ದೋಣಿ ಹೊರಡೋ ಹೊತ್ತಾಯ್ತು!” ಅವನು ಬೆಚ್ಚಿದ್ದ. ಸ್ಕ್ರೂ ತಿರುಗಿಸುವ ಮೊನೆ ತಾಕಿತೆಂದುಕೊಂಡು ಅವಳು ಕ್ಷಮೆ ಕೇಳಿದ್ದಳು.

ಶರತ್ಕಾಲದಿಂದ ಅವನಿಗೆ ಗೊತ್ತಿತ್ತು. ವಾರಕ್ಕೊಮ್ಮೆ ಆ ಕುರ್ಚಿಯಲ್ಲಿ ಕುಳಿತು, ಅವಳ ಬೆರಳು ತನ್ನ ಕಿವಿಯನ್ನು ತಾಕುವಾಗಲೂ, ಅವನು ತುಟಿ ಬಿಚ್ಚಿರಲಿಲ್ಲ. ಅವಳು ಕೆತ್ತಿಸಿದ ಕಟ್ಟಳೆಯನ್ನು ಅವಳ ಎದುರಿನಲ್ಲೇ ಕಾದುಕೊಂಡು ಬಂದಿದ್ದ. ಪಟ್ಟಿ ಬಿಗಿದ ಕೈಯನ್ನು ಕಂಡ ಒಂದು ವಾರ ಮಾತ್ರ ಸೋತಿದ್ದ. ಗಡೀಪಾರು ಆಟಕ್ಕೆ ಮಾತ್ರ ಸಂಬಂಧಿಸಿದ್ದು. ಅವನು ಅಂಗಡಿಯ ಹೊಸಿಲನ್ನೂ ಅದರೊಳಗೆ ಸೇರಿಸಿಕೊಂಡಿದ್ದ.

ಆ ಗುರುವಾರ ಓರ್ಮ ಮರಳಬೇಕಾಗಿತ್ತು. ಸಂಜೆ ಏಳಕ್ಕೆ ಬಂದರುಕಟ್ಟೆ ತುಂಬಿತು. ವೆಲ್ಡಾಳೂ ಬಂದು ಮುಂದೆಯೇ ನಿಂತಳು. ಬ್ರಿಯಾ ಬೀಗದ ಕೈ ಹಿಡಿದು ದೀಪಸ್ತಂಭದ ಬಾಗಿಲಲ್ಲಿ ಕುಳಿತಳು. ಗಂಟೆ ಕಳೆಯಿತು. ಒಂದೊಂದಾಗಿ ಹೆಸರುಗಳು ಆರತೊಡಗಿದವು. ಓರ್ಮನ ಹಸಿರು ಚುಕ್ಕಿ ಹೊತ್ತಿಕೊಳ್ಳಲೇ ಇಲ್ಲ.

ಹಿಲ್ಕೆಯಿಂದ ಸಂದೇಶ ಬಂದಿತು. “ಐಲ್ಸಾ, ನಂಗೊಂದು ಪತ್ರ ಕಳಿಸಿದ್ದಾನೆ. ನಿಂಗೆ ಬೇಡ, ನಂಗೆ. ಹಾಗೇ ಬರೀತೀನಿ, ಓದು: ‘ಓರ್ಮ ದಕ್ಷಿಣದ ಹಡಗು ಹತ್ತಿ ಹೋದ ಅಂತ ಬರೆದುಬಿಡಿ. ದೋಣಿಯೋರಿಗೆ ನನ್ನಿಂದ ಹೆದರಿಕೆ ಆಗಿರ್ಬಹುದು. ಅವರು ನೆಮ್ಮದಿಯಾಗಿ ಇರೋ ಜಾಗ ಉಪ್ಪುಕೋಟೆ ಒಂದೇ ಅಂತ ಒಮ್ಮೆ ಬ್ರಿಯಾ ಬಾಯಲ್ಲಿ ಹೇಳಿಸಿದ್ರು. ನನ್ನಿಂದ ಅದು ಹೋಗೋದು ಬೇಡ.’ ಅಷ್ಟೇ ಇರೋದು.”

ಪಾತ್ರ ತೊರೆದವರ ಹೆಸರನ್ನು ಮುಂದಿನ ಗುರುವಾರ ಅಳಿಸುವುದು ಬಳಗದ ರೂಢಿ. ಅಳಿಸಿದರೆ ಐದು ವರ್ಷದ ಓರ್ಮ ಎಲ್ಲಿಯೂ ಇರುವುದಿಲ್ಲ. ಬಂದರಿನ ಬಳಿ ಮೀನಿಗೆ ಹೊಗೆ ಹಾಕುವ ಒಬ್ಬಾತ ಇರುತ್ತಾನೆ. ಅವಳನ್ನು ಕಂಡಲ್ಲಿ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾನೆ.

“ಹಿಲ್ಕೆ, ನನಗೊಂದು ತಿಂಗಳು ಗಡೀಪಾರು ಹಾಕು,” ಎಂದು ಐಲ್ಸಾ ಬರೆದಳು.

“ಏನು?”

“ಒಳಗಿನದನ್ನ ಹೊರಗೆ ತಗೊಂಡು ಹೋಗ್ತಿದ್ದೀನಿ. ಅವನು ಯಾರು ಅಂತ ಗೊತ್ತಾಯ್ತು. ಬಾಗಿಲು ತಟ್ಟಬೇಕು ಅಂತಿದ್ದೀನಿ.”

“ನಿನ್ನ ಕಟ್ಟಳೆ ಅದು! ನೀನೇ ಬಂಡೆ ಮೇಲೆ...”

“ಅದಕ್ಕೇ ಕೇಳ್ತಿರೋದು. ಮೊದಲು ಶಿಕ್ಷೆ ಬರಿ, ಆಮೇಲೆ ತಪ್ಪು ಮಾಡ್ತೀನಿ.”

“ವೆಲ್ಡಾ ಕೇಳಿದ್ರೆ ಏನ್ ಹೇಳ್ಲಿ?”

“ದೋಣಿಯೋಳಿಗೂ ಅದೇ ನ್ಯಾಯ ಅಂತ ಹೇಳು.”

ಹಿಲ್ಕೆ ಬರೆದಳು: “ಹಗಲಲ್ಲಿ ಹೋಗು. ಜನ ಇರೋ ಕಡೆ ಮಾತಾಡು. ವಾಪಸ್ ಬಂದು ನಂಗೆ ಹೇಳ್ಲೇಬೇಕು. ಇದು ಯಜಮಾನಿ ಮಾತಲ್ಲ, ನನ್ನ ಮಾತು.” ಅದರ ಕೆಳಗೆ ತೀರ್ಪು ಬಂದಿತು. ಐಲ್ಸಾಳ ಪರದೆಯ ಮೇಲೆ ಉಪ್ಪುಕೋಟೆಯ ದೀಪ ಆರಿತು.

ಶನಿವಾರ ಮಧ್ಯಾಹ್ನ ಅವಳು ಬಂದರಿನತ್ತ ನಡೆದಳು. ಗಾಳಿ ಕಡಲ ಕಡೆಯದಾಗಿತ್ತು. ಹೊಗೆಗೂಡಿನ ಅಂಗಡಿಯ ಮುಂದೆ ಸಾಲು ಬೆಳೆದಿತ್ತು; ಅವಳು ಕೊನೆಯಲ್ಲಿ ಹೋಗಿ ನಿಂತಳು. ಕಟ್ಟೆಯ ಹಿಂದೆ ಇನ್ನೆಸ್ ಗೌರ್ಲಿ ತಲೆ ತಗ್ಗಿಸಿ, ಬಾಲಕ್ಕೆ ಬಾಲ ಕಟ್ಟಿದ ಮೀನಿನ ಜೋಡಿಗಳನ್ನು ಕಾಗದದಲ್ಲಿ ಸುತ್ತುತ್ತಿದ್ದ. ಅವನ ಕನ್ನಡಕದ ಒಂದು ಕಡ್ಡಿ ಈ ಬಾರಿ ನಿಜವಾಗಿಯೂ ಕಳಚಿಹೋಗಿತ್ತು. ಮೀನು ಕಟ್ಟುವ ದಾರದಿಂದಲೇ ಅದನ್ನು ಬಿಗಿದುಕೊಂಡಿದ್ದ. ಊರಿನಲ್ಲಿ ಅದನ್ನು ಸರಿಮಾಡುವ ಒಂದು ಅಂಗಡಿಯಿತ್ತು, ಅಲ್ಲಿಗೆ ಅವನು ಬಂದಿರಲಿಲ್ಲ. ಐಲ್ಸಾ ಆ ದಾರದ ಗಂಟನ್ನೇ ನೋಡುತ್ತ ಸಾಲಿನಲ್ಲಿ ಮುಂದೆ ಸರಿದಳು.

“ಎಷ್ಟು ಜೋಡಿ ಬೇಕಮ್ಮಾ?” ಎಂದ ಅವನು, ತಲೆ ಎತ್ತದೆ.

“ಮೀನು ಬೇಡ.”

ಅವನು ತಲೆ ಎತ್ತಿದ. ಕೈಯಲ್ಲಿದ್ದ ಕಾಗದ ಕಟ್ಟೆಯ ಮೇಲೆ ಬಿದ್ದು, ಗಾಳಿಗೆ ಹಾರಿ, ನೆಲ ಸೇರಿತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಮುಖದಲ್ಲಿ ಎಂಥ ಹೆದರಿಕೆಯಿತ್ತೆಂದರೆ, ತಾನು ಹೆದರಿದ್ದೆನೆಂಬುದನ್ನೇ ಐಲ್ಸಾ ಮರೆತಳು.

“ಮೀನು ಬೇಡದೋರು ಪಕ್ಕಕ್ಕೆ ನಿಂತ್ರೆ ಬೇಕಾದೋರಿಗೆ ಸಿಗುತ್ತೆ,” ಎಂದಳು ಹಿಂದಿದ್ದ ಹೆಂಗಸು, ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ.

“ಒಂದು ನಿಮಿಷ, ಅಮ್ಮಾ. ಇವರು ನಂಗೊಂದು ಪ್ರಶ್ನೆ ಕೇಳಿದ್ರು. ಉತ್ತರ ಬಾಕಿ ಉಳ್ಕೊಂಡಿತ್ತು. ನನ್ನ ಸರದಿ,” ಎಂದಳು ಐಲ್ಸಾ.

ದಾರಿಯುದ್ದಕ್ಕೂ ಅವಳು ಬಹಳ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಓರ್ಮನ ಹೆಸರು ಇನ್ನೂ ಅಳಿದಿಲ್ಲವೆಂದು, ದೀಪಕ್ಕೆ ಎಣ್ಣೆ ಹಾಕಿಟ್ಟಿರುವೆನೆಂದು, ತಾನೂ ಈಗ ಗಡೀಪಾರಾದವಳೆಂದು. ಅವೆಲ್ಲವೂ ಅವನು ಹೇಗೆ ಉತ್ತರಿಸಬೇಕೆಂದು ಕೈಹಿಡಿದು ಬರೆಸುವ ಮಾತುಗಳು. ಅವಳು ಅವನ್ನು ಬಿಟ್ಟುಬಿಟ್ಟಳು. ತೋಳಿನ ಗುಂಡಿ ಬಿಚ್ಚಿ, ಪಟ್ಟಿಯ ಗುರುತು ಇನ್ನೂ ಬಿಳಿಚಿಕೊಂಡಿದ್ದ ಎಡಗೈಯನ್ನು ಕಟ್ಟೆಯ ಮೇಲಿನಿಂದ ಅವನತ್ತ ಚಾಚಿದಳು, ಅವನು ಬಯಸಿದರೆ ತಲುಪುವಷ್ಟು.

“ವಾಸಿಯಾಯ್ತು,” ಎಂದಳು.

ಅವಳ ಸರದಿ ಅಲ್ಲಿಗೆ ಮುಗಿದಿತ್ತು.

ಅವನು ನೋಡಿದ. ಗಾಳಿ ದಾರದ ತುದಿಯನ್ನು ಅವನ ಕೆನ್ನೆಗೆ ಬಡಿಯುತ್ತಿತ್ತು. ಹಿಂದಿನ ಹೆಂಗಸು, “ಏನ್ ನಡೀತಿದೆ ಇಲ್ಲಿ, ಮೀನಂಗಡೀನಾ ಇದು?” ಎಂದಳು, ಅವಳ ಹಿಂದಿದ್ದವನು, “ಶ್, ಸುಮ್ನಿರಿ ಸ್ವಲ್ಪ,” ಎಂದ. ಐಲ್ಸಾ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಇನ್ನೆಸ್ ಗೌರ್ಲಿ ತನ್ನ ಕೈಗಳನ್ನು ನೋಡಿಕೊಂಡ. ಅವು ಉಪ್ಪುನೀರಿನಲ್ಲಿ ನೆನೆದು, ಮೀನಿನ ಹುರುಪೆ ಹತ್ತಿ ಮಿನುಗುತ್ತಿದ್ದವು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒರೆಸುವ ಬಟ್ಟೆಯನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ತೊಡಗಿ, ಒಂದೊಂದೇ ಬೆರಳನ್ನು ಒರೆಸತೊಡಗಿದ. ಬಲು ನಿಧಾನವಾಗಿ ಒರೆಸುತ್ತಿದ್ದ.

ಅವನು ಎಂದಿನಿಂದಲೂ ನಿಧಾನಿಯೇ. ಅವಳು ಕಾದು ನಿಂತಳು.